ದೊಡ್ಡದು ಮೊದಲು ಬಂದ ದಿನ

ಶ್ರೀರಾಂಪುರದ ಆಂಜಿನಯ್ಯನಿಗೆ ಈ ಪ್ರಪಂಚದಲ್ಲಿ ಖಾತ್ರಿಯಾಗಿ ಗೊತ್ತಿದ್ದದ್ದು ಒಂದೇ ಒಂದು ವಿಷಯ. ದೇವರ ಬಗ್ಗೆ ಕೇಳಿದರೆ "ಇದ್ರೂ ಇರಬಹುದಪ್ಪ" ಅನ್ನುತ್ತಿದ್ದ. ರಾಜಕೀಯದ ಬಗ್ಗೆ ಕೇಳಿದರೆ "ಅವರವರ ಹಣೆಬರಹ" ಅನ್ನುತ್ತಿದ್ದ. ಆದರೆ ಡಿಎನ್‌ಎ ಬಗ್ಗೆ ಕೇಳಿ ನೋಡಬೇಕಿತ್ತು, ಬೆನ್ನು ನೆಟ್ಟಗಾಗಿಬಿಡುತ್ತಿತ್ತು. "ಚಿಕ್ಕದು ಮುಂದೆ ಓಡುತ್ತೆ, ದೊಡ್ಡದು ಹಿಂದೆ ಉಳಿಯುತ್ತೆ. ಇದ್ರಲ್ಲಿ ಎರಡು ಮಾತೇ ಇಲ್ಲ" ಅನ್ನುತ್ತಿದ್ದ. ಪಾಪ, ಇದ್ದದ್ದೊಂದು ಖಾತ್ರಿ, ಅದೇ ಅವನಿಗೆ ಕೈಕೊಡಬೇಕೆ?

ವೈಯಾಲಿಕಾವಲ್‌ನಲ್ಲಿ ಹಳೇ ಬಂಗಲೆಯೊಂದರ ಹಿಂದೆ ಎರಡು ಮಹಡಿ ಕಟ್ಟಿಕೊಂಡು ಒಂದು ಲ್ಯಾಬ್ ನಡೆಯುತ್ತೆ. ಅಪ್ಪ ಅಮ್ಮನಿಂದ ಮಕ್ಕಳಿಗೆ ಇಳಿದು ಬರುವ ಕಾಯಿಲೆಗಳ ಮೇಲೆ ಅಲ್ಲಿ ಸಂಶೋಧನೆ. ಆಂಜಿನಯ್ಯ ಅಲ್ಲಿ ಸೇರಿದ್ದು ಗಾಜಿನ ಸೀಸೆ ತೊಳೆಯೋದಕ್ಕೆ. ಒಂದು ದಿನ ಜೆಲ್ ಮಾಡುವ ಪುಣ್ಯಾತ್ಮ ರಜೆ ಹಾಕಿದ್ದ, ಯಾರೋ "ಇವತ್ತೊಂದು ದಿನ ನೀನೇ ಕೈ ಹಾಕಯ್ಯ" ಅಂದರು. ಹಾಕಿದ ಕೈ ಹಾಗೇ ನಿಂತಿತು. ಬರಬರುತ್ತಾ ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಅವನು ಜೆಲ್ ಆಂಜಿನಯ್ಯ ಆಗಿಹೋದ.

ಜೆಲ್ ಅಂದರೆ ಏನೋ ದೊಡ್ಡ ಬ್ರಹ್ಮವಿದ್ಯೆ ಅಂದುಕೊಳ್ಳಬೇಡಿ. ಕಡಲಪಾಚಿಯಿಂದ ತೆಗೆದ ಒಂದು ಬಿಳಿ ಪುಡಿ. ಅದನ್ನು ನೀರಿನಂಥ ದ್ರಾವಣದಲ್ಲಿ ಕುದಿಸಿ, ತಟ್ಟೆಗೆ ಹುಯ್ದು ಆರಲು ಬಿಟ್ಟರೆ ಹಾಲುಬಾಯಿ ಥರ ಗಟ್ಟಿಯಾಗುತ್ತೆ. ಆರುವ ಮುಂಚೆ ಒಂದು ತುದಿಯಲ್ಲಿ ಬಾಚಣಿಗೆ ನಿಲ್ಲಿಸಿದ್ದರೆ, ಆಮೇಲೆ ಅದನ್ನು ಮೇಲಕ್ಕೆ ಎತ್ತಿದಾಗ ಹಲ್ಲಿದ್ದ ಕಡೆಯೆಲ್ಲ ಪುಟ್ಟ ಪುಟ್ಟ ಗುಳಿ. ಆ ಗುಳಿಗಳಿಗೆ ಕತ್ತರಿಸಿದ ಡಿಎನ್‌ಎ ತುಂಡುಗಳನ್ನು ಬಿಟ್ಟು ಕರೆಂಟ್ ಕೊಟ್ಟರೆ, ಅದು ಜೆಲ್‌ನ ಸಂದುಗೊಂದಿಯಲ್ಲಿ ನುಸುಳುತ್ತಾ ಆ ತುದಿಗೆ ಹೊರಡುತ್ತೆ. ಗೌರಿಹಬ್ಬದ ಹಿಂದಿನ ದಿನ ಮಲ್ಲೇಶ್ವರಂ ಎಂಟನೇ ಕ್ರಾಸಿಗೆ ಹೋಗಿದ್ದೀರಾ? ಪುಟ್ಟ ಮಕ್ಕಳು ಎಲ್ಲರ ಕಾಲ ಸಂದಿಯಲ್ಲಿ ನುಗ್ಗಿ ಆಚೆ ಹೋಗಿರುತ್ತವೆ, ಬಾಳೆಕಂದು ಹೊತ್ತವರು ಅಲ್ಲೇ ಸಿಕ್ಕಿಹಾಕಿಕೊಂಡು ಬೈಸಿಕೊಳ್ಳುತ್ತಿರುತ್ತಾರೆ. ಅಷ್ಟೇ ವಿದ್ಯೆ. ತುಂಡು ಚಿಕ್ಕದಾದಷ್ಟೂ ಮುಂದೆ, ದೊಡ್ಡದಾದಷ್ಟೂ ಹಿಂದೆ.

ಇದು ಆಂಜಿನಯ್ಯನಿಗೆ ಬರೀ ಉದ್ಯೋಗವಾಗಿದ್ದರೆ ನಾನು ಈ ಕಥೆ ಹೇಳುತ್ತಲೇ ಇರಲಿಲ್ಲ. ಅವನ ಹೆಂಡತಿ ನಾರಾಯಣಮ್ಮ ಮಲ್ಲೇಶ್ವರಂ ಮಾರ್ಕೆಟ್ ಮಗ್ಗುಲಲ್ಲಿ ಹೂ ಕಟ್ಟಿ ಮಾರುತ್ತಿದ್ದವಳು. ಮೂವತ್ತು ದಾಟಿದ ಮೇಲೆ ಅವಳ ಕೈ ಒಂದು ವಿಚಿತ್ರ ಶುರುಮಾಡಿತು. ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಗಿರಾಕಿಗೆ ಮೊಳ ಹೂ ಕೊಟ್ಟರೆ ಬೆರಳು ಬಿಚ್ಚಿಕೊಳ್ಳಲು ಒಂದು ಗಳಿಗೆ ಬೇಕು. "ಕೊಡೋಕೆ ಮನಸ್ಸಿಲ್ವೇನಮ್ಮ?" ಅಂತ ಜನ ಚುಡಾಯಿಸೋರು, ಅವಳೂ ನಗೋಳು. ಆಮೇಲೆ ಕಣ್ಣಿನ ರೆಪ್ಪೆ ಜೋತುಬಿತ್ತು, ಕಾಲು ಸೋತಿತು, ಒಂದು ದಿನ ಹೂವಿನ ಬುಟ್ಟಿ ಮುಂದೆ ಕೂತವಳ ಹೃದಯವೇ ನಿಂತುಹೋಯಿತು.

ಅವಳು ಬದುಕಿದ್ದಾಗಲೇ ಆಂಜಿನಯ್ಯನ ಲ್ಯಾಬಿನಲ್ಲೇ ರಕ್ತ ಪರೀಕ್ಷೆ ಮಾಡಿದ್ದರು. ಎಲ್ಲರಿಗೂ ಈ ಡಿಎನ್‌ಎ ಎರಡೆರಡು ಪ್ರತಿ, ಅಪ್ಪನದೊಂದು, ಅಮ್ಮನದೊಂದು. ಈ ಕಾಯಿಲೆಯಲ್ಲಿ ಒಂದು ಪ್ರತಿಯ ಒಂದು ಜಾಗದಲ್ಲಿ ಅಕ್ಷರಗಳು ಹೇಳಿದ್ದನ್ನೇ ಹೇಳಿಕೊಂಡು, ಹೇಳಿಕೊಂಡು, ಆ ತುಂಡು ಸುಮ್ಮಸುಮ್ಮನೆ ಉದ್ದ ಬೆಳೆದಿರುತ್ತೆ. ನಾರಾಯಣಮ್ಮನ ಜೆಲ್ ಮಾಡಿದ್ದೂ ಆಂಜಿನಯ್ಯನೇ. ಅವಳ ಒಂದು ತುಂಡು ಎಲ್ಲರಿಗೂ ಇರೋದಕ್ಕಿಂತ ಒಂಚೂರು ಗಿಡ್ಡ, ಏನೂ ತೊಂದರೆಯಿಲ್ಲದ್ದು, ಮುಂದೆ ಓಡಿಹೋಗಿತ್ತು. ಇನ್ನೊಂದು ಮಾತ್ರ ಎಲ್ಲರಿಗಿಂತ ಹಿಂದೆ, ಮೇಲ್ತುದಿಯಲ್ಲೇ ದಪ್ಪಗೆ ಕೂತಿತ್ತು. ಆ ದೊಡ್ಡದೇ ತನ್ನ ಹೆಂಡತಿಯನ್ನು ತಿಂದದ್ದು ಅಂತ ಅವನು ಕಣ್ಣಾರೆ ಕಂಡಿದ್ದ.

ಇನ್ನು ಉಳಿದಳು ಮಗಳು ವಿಶಾಖಾ. ಶ್ರೀರಾಂಪುರದ ಸರ್ಕಾರಿ ಸ್ಕೂಲಿನಲ್ಲಿ ಟೀಚರ್. ಗಂಡ ಸುಮನ್ ಮೆಟ್ರೋ ಡಿಪೋದಲ್ಲಿ ಮೆಕ್ಯಾನಿಕ್, ಬಲು ಒಳ್ಳೇ ಹುಡುಗ. ಅಪ್ಪನ ಮನೆಯಿಂದ ಎರಡು ರಸ್ತೆ ಆಚೆ ಅವರ ಬಾಡಿಗೆ ಮನೆ. ಮದುವೆಯಾಗಿ ಐದಾರು ವರ್ಷ, ಮಕ್ಕಳಿಲ್ಲ. ಅಕ್ಕಪಕ್ಕದವರು ಮಾತಾಡಿಕೊಳ್ಳುತ್ತಿದ್ದದ್ದು ಬೇರೆ, ವಿಷಯ ಬೇರೆ. ಅಮ್ಮನ ಎರಡು ತುಂಡಿನಲ್ಲಿ ತನಗೆ ಇಳಿದದ್ದು ಯಾವುದು, ಅವಳ ಕಾಯಿಲೆ ತನಗೂ ಇದೆಯೋ ಇಲ್ಲವೋ ತಿಳಿಯದೆ ಮಗು ಬೇಡ ಅಂತ ಅವಳು ನಿರ್ಧಾರ ಮಾಡಿದ್ದಳು. ಪರೀಕ್ಷೆ ಮಾಡಿಸಿಕೊಳ್ಳೋಕೂ ಹೆದರಿಕೆ. ಇದೆ ಅಂತ ಬಂದರೆ ಆಮೇಲೆ ಹೇಗೆ ಬದುಕೋದು, ಹೇಳಿ? ಆಂಜಿನಯ್ಯ ಅಂತೂ ಮಗಳು ಲೋಟ ಕೆಳಗಿಟ್ಟಾಗಲೆಲ್ಲ ಅವಳ ಬೆರಳು ನೋಡುತ್ತಿದ್ದ. ಅವನು ನೋಡುತ್ತಾನೆ ಅಂತ ಅವಳಿಗೂ ಗೊತ್ತಿತ್ತು.

ಹೀಗಿರುವಾಗ ಲ್ಯಾಬಿಗೆ ಕೇದಾರ್ ಬಂದ. ಚಾಮರಾಜಪೇಟೆ ಹುಡುಗ, ಮನೆಯವರು ಕಾಟನ್‌ಪೇಟೆಯಲ್ಲಿ ತಲೆತಲಾಂತರದ ವ್ಯಾಪಾರಸ್ಥರು, ಇವನು ಮಾತ್ರ ಡಾಕ್ಟರೇಟ್ ಹಿಂದೆ ಬಿದ್ದಿದ್ದ. ಬರುವಾಗ ಒಂದು ಚಿಪ್ ತಂದ. ಹೆಬ್ಬೆಟ್ಟಿನ ಉಗುರಷ್ಟು ಗಾಜು, ಅಷ್ಟೇ. ಅದರೊಳಗೆ ಕೂದಲಿಗಿಂತ ಸಣ್ಣ ಕಾಲುವೆ ಇದೆಯಂತೆ, ಆ ಕಾಲುವೆಯ ಉದ್ದಕ್ಕೂ ಒಂದು ಗುಂಡಿ, ಒಂದು ಕಿರಿದಾದ ಸಂದು, ಮತ್ತೆ ಗುಂಡಿ, ಮತ್ತೆ ಸಂದು, ಹೀಗೆ ಸಾವಿರಾರು ಇದೆಯಂತೆ. ಆಂಜಿನಯ್ಯ ಕನ್ನಡಕ ಒರೆಸಿ ಒರೆಸಿ ನೋಡಿದ. ಅವನಿಗೆ ಕಂಡದ್ದು ಗಾಜು.

"ಜೆಲ್ ಎಲ್ಲಪ್ಪ ಇದ್ರಲ್ಲಿ?"

"ಜೆಲ್ಲೇ ಇಲ್ಲ ಅಂಕಲ್. ಆ ಸಂದುಗಳೇ ಜೆಲ್ ಕೆಲಸ ಮಾಡ್ತವೆ. ನೀವು ರಾತ್ರಿಯೆಲ್ಲ ಓಡ್ಸೋದನ್ನ ಇದು ಒಂದು ಕಾಫಿ ಕುಡಿಯೋದ್ರಲ್ಲಿ ಮುಗ್ಸುತ್ತೆ."

ಕುದಿಸೋದಿಲ್ಲ, ಹುಯ್ಯೋದಿಲ್ಲ, ಬಾಚಣಿಗೆಯಿಲ್ಲ. ಒಂದು ಹನಿ ಬಿಟ್ಟರೆ ಆಯಿತು, ಕಾಲುವೆಯ ಕೊನೆಯಲ್ಲಿ ಒಂದು ಬೆಳಕಿನ ಕಣ್ಣು ಕಾದು ಕೂತಿರುತ್ತೆ, ಬಣ್ಣ ಹಚ್ಚಿದ ತುಂಡು ಅದರ ಮುಂದೆ ದಾಟಿದಾಗ ಕಂಪ್ಯೂಟರಿನಲ್ಲಿ ಒಂದು ಗುಡ್ಡ ಏಳುತ್ತೆ. ಮೊದಲು ಬಂದದ್ದರ ಗುಡ್ಡ ಎಡಕ್ಕೆ, ಆಮೇಲೆ ಬಂದದ್ದು ಬಲಕ್ಕೆ. ಆಂಜಿನಯ್ಯನಿಗೆ ಎಷ್ಟೋ ದಿನ ಈ ಗುಡ್ಡಗಳೇ ಒಗ್ಗಲಿಲ್ಲ. ಜೆಲ್‌ನಲ್ಲಾದರೆ ತುಂಡು ಇಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು, ಇದರಲ್ಲಿ ದಾಟಿಹೋದದ್ದರ ಗುರುತು ಮಾತ್ರ. ಕೊನೆಗೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಎಲ್ಲಿ ಓಡಿದರೇನು, ಓಟ ಓಟವೇ, ಚಿಕ್ಕದು ಮುಂದೆ ದೊಡ್ಡದು ಹಿಂದೆ. ಯಾರನ್ನೂ ಕೇಳಲಿಲ್ಲ. ಅವರಾದರೂ ಹೇಳಿದರೇ? ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಯಾರಿಗೂ ಹೇಳುವುದಿಲ್ಲ ನೋಡಿ.

ಚಿಪ್ಪನ್ನು ಪರೀಕ್ಷಿಸಲು ಈ ಕಾಯಿಲೆ ಇರುವ ಮನೆತನದವರ ರಕ್ತ ಬೇಕು ಅಂತ ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಆರಾಧನಾ ಕೇಳಿದಾಗ, ವಿಶಾಖಾ ಅದ್ಯಾವ ಧೈರ್ಯದಲ್ಲೋ ಬಂದು ತೋಳು ಚಾಚಿದಳು. ಸೀಸೆಯ ಮೇಲೆ ಹೆಸರಿಲ್ಲ, ನಂಬರ್ ಮಾತ್ರ. ಫಲಿತಾಂಶವನ್ನು ಮೇಡಮ್ಮೇ ಕೂರಿಸಿಕೊಂಡು ಹೇಳಬೇಕು, ಬೇರೆ ಯಾರೂ ಬಾಯಿ ಬಿಡಕೂಡದು, ಅದು ನಿಯಮ. ಹೊರಡುವಾಗ ಗೇಟಿನ ಹತ್ತಿರ ವಿಶಾಖಾ ಅಪ್ಪನಿಗೆ ಮೆಲ್ಲಗೆ ಅಂದಳು:

"ಅಪ್ಪ, ನಿನಗೆ ಮೊದಲೇ ಗೊತ್ತಾಗುತ್ತೆ ಅಂತ ನನಗೆ ಗೊತ್ತು. ಒಳ್ಳೇದಾಗಿದ್ರೆ ಅವತ್ತೇ ಬಂದು ಹೇಳ್ಬಿಡು. ಕೆಟ್ಟದಾಗಿದ್ರೆ ಡಾಕ್ಟರೇ ಹೇಳ್ಲಿ."

ನಂಬರ್ ಅಂಟಿಸಿದ್ದು ಯಾರು? ಆಂಜಿನಯ್ಯನೇ. ಇನ್ನು ಮರೆಯೋದುಂಟೆ?

ಒಂದು ಮಧ್ಯಾಹ್ನ ಕೇದಾರ್ ಊಟಕ್ಕೆ ಹೋಗಿದ್ದ. ಮೇಜು ಒರೆಸಲು ಹೋದ ಆಂಜಿನಯ್ಯ ತಲೆಯೆತ್ತಿದರೆ, ಕಂಪ್ಯೂಟರಿನ ಮೇಲೆ ಅದೇ ನಂಬರ್. ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು. ಎರಡು ಗುಡ್ಡ ಇದ್ದವು. ಬಲಗಡೆಯದು ಅಳತೆಗೆಂದು ಜೊತೆಯಲ್ಲಿ ಓಡಿಸುವ ಮಾಮೂಲಿ ಉದ್ದದ ತುಂಡಿನದು, ಅದರ ಮೇಲೆಯೇ ಇನ್ನೊಂದು ಕೂತು ಎತ್ತರವಾಗಿತ್ತು. ಅದು ತನ್ನದು, ಅಪ್ಪನ ಕಡೆಯದು; ತನ್ನ ತುಂಡು ಮಾಮೂಲಿ ಉದ್ದದ್ದೇ ಅಂತ ಅವನಿಗೆ ಗೊತ್ತು, ಆ ಲ್ಯಾಬಿನಲ್ಲಿ ಕೆಲಸ ಕಲಿಯುವವರೆಲ್ಲ ಮೊದಲು ತಮ್ಮ ರಕ್ತದ ಮೇಲೇ ಕಲಿಯೋದು. ಇನ್ನೊಂದು ಗುಡ್ಡ ಎಡಗಡೆ, ಒಂಟಿಯಾಗಿ, ಅಳತೆಯ ತುಂಡಿಗಿಂತ ಮುಂದೆ ಬಂದಿತ್ತು. ಮುಂದೆ ಬಂದಿದೆ ಅಂದರೆ ಗಿಡ್ಡ. ಗಿಡ್ಡ ಅಂದರೆ ನಾರಾಯಣಮ್ಮನ ಆ ಒಳ್ಳೇ ತುಂಡು. ಹಿಂದೆ ಏನಾದರೂ ಉಳಿದಿದೆಯಾ ಅಂತ ಬಲಗಡೆ ನೋಡಿದ, ಮತ್ತೂ ನೋಡಿದ. ಏನೂ ಇಲ್ಲ, ಬರೀ ಸಪಾಟು ಗೆರೆ. ಒರೆಸುವ ಬಟ್ಟೆಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡ.

ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ಆದರೆ ಆ ಅಪ್ಪನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ ಅಂತ ಎದೆ ಮುಟ್ಟಿಕೊಂಡು ಹೇಳಿ. ತಲೆನೋವು ಅಂತ ಸುಳ್ಳು ಹೇಳಿ ಹೊರಟ. ಶ್ರೀರಾಂಪುರದ ಸ್ಕೂಲು ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತಿದ್ದ. ಅವನ ಮುಖ ನೋಡಿದ್ದೇ ವಿಶಾಖಾಳಿಗೆ ಅರ್ಥವಾಯಿತು, ಮಕ್ಕಳು ಸುತ್ತ ನಿಂತು ನೋಡುತ್ತಿದ್ದರೂ ಅಲ್ಲೇ ಅಪ್ಪನ ಭುಜಕ್ಕೆ ಹಣೆ ಕೊಟ್ಟು ಅತ್ತಳು. ಸುಮನ್‌ಗೆ ಅಲ್ಲಿಂದಲೇ ಫೋನ್ ಹೋಯಿತು. ಆ ಕಡೆ ಹುಡುಗ ಎರಡೆರಡು ಸಲ ಹೇಳಿಸಿ ಕೇಳಿದನಂತೆ.

ಮಾರನೇ ದಿನ ಬೆಳಿಗ್ಗೆ ಆಂಜಿನಯ್ಯ ಲ್ಯಾಬಿಗೆ ಹೋದಾಗ ಮೈಯಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ಕೇದಾರ್ ಕೂಡ ಖುಷಿಯಲ್ಲಿದ್ದ.

"ಬನ್ನಿ ಅಂಕಲ್, ನಿನ್ನೆ ಒಂದು ಸಕತ್ತಾಗಿ ಬಂದಿದೆ, ನಿಮಗೆ ತೋರ್ಸಬೇಕು ಅಂತಿದ್ದೆ" ಅಂತ ಅದೇ ನಂಬರನ್ನು ತೆರೆದ. ಅದು ಯಾರದು ಅಂತ ಪಾಪ ಅವನಿಗೇನು ಗೊತ್ತು. "ನೋಡಿ, ದೊಡ್ಡದು ಎಷ್ಟು ಕ್ಲೀನಾಗಿ ಮುಂದೆ ಬಂದಿದೆ."

ಆಂಜಿನಯ್ಯ ನಕ್ಕ. "ದೊಡ್ಡದಾ? ಮುಂದೆ ಬಂದಿರೋದು ಚಿಕ್ಕದಪ್ಪ."

"ಅಲ್ಲ ಅಂಕಲ್. ಜೆಲ್‌ನಲ್ಲಿ ಚಿಕ್ಕದು ಮುಂದೆ. ಇದ್ರಲ್ಲಿ ದೊಡ್ಡದು ಮುಂದೆ, ಈ ಸಂದುಗಳಲ್ಲಿ ಉಲ್ಟಾ. ನಿಮಗೆ ಗೊತ್ತಿರ್ಲಿಲ್ವಾ?"

ಆಂಜಿನಯ್ಯನಿಗೆ ಮಾತು ಕೇಳಿಸಿತು, ಅರ್ಥ ಮಾತ್ರ ಒಳಗಿಳಿಯಲಿಲ್ಲ. ದೊಡ್ಡದು ಮುಂದೆ ಹೇಗೆ ಬರುತ್ತೆ? ಜರಡಿಯಲ್ಲಿ ಹಿಟ್ಟಿಗಿಂತ ಮೊದಲು ತೌಡು ಬೀಳುತ್ತಾ? ಇವನೇನು ನನ್ನನ್ನು ಆಟ ಆಡಿಸುತ್ತಿದ್ದಾನಾ? "ಹೆಂಗಪ್ಪ? ಇನ್ನೊಂದ್ಸಲ ಹೇಳಿ" ಅಂತ ಸ್ಟೂಲ್ ಎಳೆದುಕೊಂಡು ಕೂತ.

ಕೇದಾರ್ ಒಳ್ಳೇ ಹುಡುಗ, ಬೇಜಾರಿಲ್ಲದೆ ಹೇಳಿದ. ಡಿಎನ್‌ಎ ಗುಂಡಿಯೊಳಗೆ ನೂಲಿನ ಉಂಡೆಯ ಥರ ಸುತ್ತಿಕೊಂಡು ಆರಾಮವಾಗಿರುತ್ತೆ. ಸಂದು ಉಂಡೆಗಿಂತ ಕಿರಿದು, ಹಾಗೇ ತೂರಲಾಗಲ್ಲ. ಆದರೆ ಒಂದು ಕುಣಿಕೆ ಒಳಕ್ಕೆ ಸಿಕ್ಕರೂ ಸಾಕು, ಕರೆಂಟ್ ಅದನ್ನು ಹಿಡಿದು ಇಡೀ ಉಂಡೆಯನ್ನೇ ಎಳೆದುಕೊಂಡು ಹೋಗುತ್ತೆ. ದೊಡ್ಡ ಉಂಡೆ ಸಂದಿನ ಬಾಯಿಗೆ ಜಾಸ್ತಿ ಅಗಲಕ್ಕೆ ಒರಗಿರೋದರಿಂದ ಅದರ ಯಾವುದಾದರೊಂದು ಕುಣಿಕೆ ಬೇಗ ಸಿಕ್ಕಿಬಿಡುತ್ತೆ, ಚಿಕ್ಕದು ಪ್ರತಿ ಗುಂಡಿಯಲ್ಲೂ ಕಾಯುತ್ತಾ ಕೂರುತ್ತೆ.

"ಮೆಜೆಸ್ಟಿಕ್‌ನಲ್ಲಿ ರಷ್ ಬಸ್ ನೋಡಿಲ್ವಾ ಅಂಕಲ್? ಹತ್ತು ಜನದ ಫ್ಯಾಮಿಲಿ ಬಂದ್ರೆ ಯಾರೋ ಒಬ್ಬರ ಕೈಗೆ ಬಾಗಿಲ ಕಂಬಿ ಸಿಕ್ಕೇ ಸಿಗುತ್ತೆ, ಆಮೇಲೆ ಕೈ ಹಿಡಿದು ಹಿಡಿದು ಎಲ್ರೂ ಹತ್ಕೋತಾರೆ. ಒಂಟಿ ಮನುಷ್ಯ ಅಲ್ಲೇ ನಿಂತಿರ್ತಾನೆ."

ಬಸ್ಸು ಅರ್ಥವಾಯಿತು. ಬಸ್ಸಿನ ನ್ಯಾಯ ತನ್ನ ಮಗಳ ರಕ್ತಕ್ಕೆ ಯಾಕೆ ಅನ್ನೋದು ಅರ್ಥವಾಗಲಿಲ್ಲ. "ನನ್ನ ಕಣ್ಣೆದುರಿಗೆ ಓಡ್ಸಿ ತೋರ್ಸಿ" ಅಂದ. ತಾನೇ ಎದ್ದು ಫ್ರಿಜ್‌ನಿಂದ ಒಂದು ದೊಡ್ಡ ತುಂಡು, ಒಂದು ಚಿಕ್ಕ ತುಂಡು ತಂದುಕೊಟ್ಟ. ಎರಡರ ಉದ್ದವನ್ನೂ ಎಷ್ಟೋ ಸಲ ಜೆಲ್‌ನಲ್ಲಿ ಅವನೇ ನೋಡಿದ್ದ, ಮೋಸಕ್ಕೆ ಅವಕಾಶವಿಲ್ಲ. ಚಿಕ್ಕದನ್ನು ಓಡಿಸಿದರು. ಗುಡ್ಡ ಏಳಲು ಕಾಯಬೇಕಾಯಿತು. ದೊಡ್ಡದನ್ನು ಓಡಿಸಿದರು. ಬೇಗ ಎದ್ದಿತು. ಚಿಪ್ ತೊಳೆದು ಮತ್ತೊಮ್ಮೆ ನೋಡಿದರೂ ಅದೇ. ಮೂರನೇ ಸಲ ಓಡಿಸಿ ಅಂದಾಗ ಕೇದಾರ್ ಅವನ ಮುಖ ನೋಡಿದ.

"ಯಾಕೆ ಅಂಕಲ್, ಹುಷಾರಿಲ್ವಾ?"

"ನಿನ್ನೇದು... ಆ ನಂಬರಿಂದು ತಪ್ಪಾಗಿರಬಹುದಾ?"

"ಎಲ್ಲಾನೂ ನಿಮ್ಮ ಜೆಲ್‌ನಲ್ಲಿ ಇನ್ನೊಂದ್ಸಲ ನೋಡೇ ನೋಡ್ತೀವಲ್ಲ. ಆದ್ರೆ ಇಲ್ಲಿವರೆಗೂ ಜೆಲ್ ಒಂದು ಹೇಳಿ, ಚಿಪ್ ಇನ್ನೊಂದು ಹೇಳಿದ್ದಿಲ್ಲ."

ಹೇಗೋ ಮಧ್ಯಾಹ್ನದವರೆಗೆ ಕಳೆದು ಆಂಜಿನಯ್ಯ ಹೊರಗೆ ಬಂದ. ವೈಯಾಲಿಕಾವಲ್ ಇಳಿದು, ಸಂಪಿಗೆ ರಸ್ತೆ ದಾಟಿ, ಮಗಳ ಮನೆ ಕಡೆ ನಡೆದ. ನಡೆದ ಅಂತ ನಾನು ಹೇಳಬೇಕಷ್ಟೆ, ಕಾಲು ತಾನಾಗಿ ಹೋಗುತ್ತಿತ್ತು. ತಲೆಯೊಳಗೆ ಎಲ್ಲಾ ಕಲಸು ಮೇಲೋಗರ. ಜೆಲ್ ಸುಳ್ಳು ಹೇಳಲಿಲ್ಲ, ಚಿಪ್ಪೂ ಸುಳ್ಳು ಹೇಳಲಿಲ್ಲ, ತನ್ನ ಕಣ್ಣೂ ಸುಳ್ಳು ಹೇಳಲಿಲ್ಲ, ಹಾಗಾದರೆ ಸುಳ್ಳು ಎಲ್ಲಿಂದ ಬಂತು? ಇಷ್ಟು ವರ್ಷದ ವಿದ್ಯೆ ಇಲ್ಲದಿದ್ದರೆ ಆ ಗುಡ್ಡ ನೋಡಿ ಏನೂ ತಿಳಿಯದೆ ಸುಮ್ಮನೆ ಮೇಜು ಒರೆಸಿ ಬರುತ್ತಿದ್ದೆನಲ್ಲ. ಹೇಳದೆ ಇದ್ದುಬಿಡಲೇ? ಡಾಕ್ಟರೇ ಕರೆದು ಹೇಳಲಿ? ಅಷ್ಟರೊಳಗೆ ಅವಳು ಬಸುರಾದರೆ? ಜೆಲ್ ಆಗುವ ತನಕ ಕಾಯಲೇ? ಆ ಜೆಲ್ಲನ್ನು ಹುಯ್ಯುವವನೂ ತಾನೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಂಟನೇ ಕ್ರಾಸಿನಲ್ಲಿ ಆಟೋದವನೊಬ್ಬ ಬೈದ. ಯಾಕೆ ಬೈದ ಅಂತಲೂ ಗೊತ್ತಾಗಲಿಲ್ಲ.

ವಿಶಾಖಾ ಸ್ಕೂಲಿನಿಂದ ಬೇಗ ಬಂದು ಅಡಿಗೆಮನೆಯಲ್ಲಿ ಶಾವಿಗೆ ಹುರಿಯುತ್ತಿದ್ದಳು. "ಬಾಪ್ಪ, ಸುಮನ್‌ಗೆ ಪಾಯಸ ಮಾಡ್ತಿದೀನಿ" ಅಂದಳು. ಆಂಜಿನಯ್ಯ ಬಾಗಿಲಲ್ಲೇ ನಿಂತು ಶುರುಮಾಡಿದ. ಗುಂಡಿ, ಸಂದು, ನೂಲಿನ ಉಂಡೆ, ಮೆಜೆಸ್ಟಿಕ್ ಬಸ್ಸು, ಏನೇನೋ ಹೇಳಿದ. ಎಲ್ಲಿಂದ ಎಲ್ಲಿಗೋ ಹೋಗಿ ಮತ್ತೆ ಗುಂಡಿಗೇ ಬಂದ. ಅವಳು ಸೌಟು ಹಿಡಿದುಕೊಂಡೇ ಕೇಳಿದಳು.

"ಅಪ್ಪ, ನನಗೆ ಇದ್ಯಾವುದೂ ಗೊತ್ತಾಗಲ್ಲ. ಅಮ್ಮನಿಂದ ನನಗೆ ಬಂದಿರೋದು ಚಿಕ್ಕದೋ ದೊಡ್ಡದೋ, ಅಷ್ಟು ಹೇಳು."

"ದೊಡ್ಡದು ಕಣಮ್ಮ."

ವಿಶಾಖಾ ಒಲೆ ಆರಿಸಿದಳು. ಗೋಡೆ ಕಡೆ ಮುಖ ಮಾಡಿ ಹುರಿದ ಶಾವಿಗೆಯನ್ನು ತಟ್ಟೆಗೆ ಸುರಿದಳು. ಬೈಯಲಿ, ಅಳಲಿ, ಸರಿಯಾಗಿ ತಿಳ್ಕೊಳ್ಳದೆ ಯಾಕೆ ಬಂದು ಹೇಳ್ದೆ ಅಂತ ಜಗಳ ಆಡಲಿ ಅಂತ ಅವನು ಕಾದ. ಅವಳು ತಿರುಗಿ ಮೆಲ್ಲಗೆ ಹೇಳಿದಳು:

"ಅಮ್ಮ ಹೋದ ಮೇಲೆ ನಿನ್ನೆ ಮೊದಲ್ನೇ ಸಲ ನಾನು ಚೆನ್ನಾಗಿ ಮಲಗಿದ್ದೆ ಕಣಪ್ಪ. ಆ ನಿದ್ದೇನೂ ವಾಪಸ್ ಕೊಡಬೇಕಾ?"

ಆಂಜಿನಯ್ಯ ಬಾಗಿಲಿಗೆ ಬೆನ್ನು ಕೊಟ್ಟ. ಕೂತ. ಅವಳೂ ಎದುರಿಗೆ ನೆಲದ ಮೇಲೆ ಕೂತಳು. ಮತ್ತೆ ಎದ್ದು ಮುಖ ತೊಳೆದು ಬಂದು ಒಲೆ ಹಚ್ಚಿದಳು.

"ಏನ್ ಮಾಡ್ತಿದೀಯಮ್ಮ?"

"ಪಾಯಸ. ಸುಮನ್‌ಗೆ ಇವತ್ತು ಏನೂ ಹೇಳಬೇಡ ಅಪ್ಪ. ಅವನೂ ಎಷ್ಟೋ ವರ್ಷದಿಂದ ನಿದ್ದೆಗೆಟ್ಟಿದಾನೆ. ಇವತ್ತೊಂದು ರಾತ್ರಿ ಮಲಗ್ಲಿ. ನಾಳೆ ನಾನೇ ಹೇಳ್ತೀನಿ. ನೀನು ಮುಖ ಸರಿ ಮಾಡ್ಕೋ, ಅವನು ಬರೋ ಹೊತ್ತಾಯ್ತು."

ಮುಖ ಸರಿ ಮಾಡಿಕೊಳ್ಳೋದು ಹೇಗೆ ಅಂತ ಯಾವ ಲ್ಯಾಬಿನಲ್ಲೂ ಕಲಿಸಿರಲಿಲ್ಲ. ಆಂಜಿನಯ್ಯ ಟವೆಲ್ಲಿನಿಂದ ಒರೆಸಿಕೊಂಡ. ಅಷ್ಟರಲ್ಲಿ ಸುಮನ್ ಬಂದೇಬಿಟ್ಟ, ಡಿಪೋ ಯೂನಿಫಾರ್ಮಿನಲ್ಲೇ, ಕೈಯಲ್ಲಿ ಒಂದು ಮೊಳ ಮಲ್ಲಿಗೆ. ಮಾವನನ್ನು ಕಂಡದ್ದೇ ಬಗ್ಗಿ ಕಾಲು ಮುಟ್ಟಿದ. ಯಾವತ್ತೂ ಹಾಗೆ ಮಾಡಿದವನಲ್ಲ.

"ಮಾವ, ನಿಮ್ಮಿಂದ ನಮಗೆ ಒಂದು ದಾರಿ ಆಯ್ತು" ಅಂದ. ಆಮೇಲೆ ನಾಚಿಕೊಂಡು, ಅಡಿಗೆಮನೆಯ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಅಂದ: "ಹೆಣ್ಣು ಮಗು ಆದ್ರೆ ಅತ್ತೆ ಹೆಸ್ರೇ ಇಡೋಣ ಅಂತ. ನೀವೇನಂತೀರಾ?"

ಒಳಗೆ ಸೌಟಿನ ಸದ್ದು ನಿಂತಿತು. ಆಂಜಿನಯ್ಯ ಬಾಗಿಲ ಸಂದಿಯಲ್ಲಿ ಮಗಳನ್ನು ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

"ಇಡೋಣಪ್ಪ" ಅಂದ. "ಒಳ್ಳೇ ಹೆಸರು."

ವಿಶಾಖಾ ಮೂರು ಲೋಟದಲ್ಲಿ ಪಾಯಸ ತಂದಳು. ಮೂವರೂ ಕುಡಿದರು.